ಐತ್ತಪ್ಪಣ್ಣನ ಸುರಂಗ ಬತ್ತಿದ ವರ್ಷ

ಸುಡುಮಣ್ಣಿನ ವಾಸನೆಯನ್ನು ಬರೀ ಹೊಗೆಯ ವಾಸನೆ ಎಂದರೆ ಅರ್ಧ ಮಾತ್ರ ಹೇಳಿದ ಹಾಗೆ. ತರಗೆಲೆ ಧಗಧಗ ಉರಿಯದೆ ಒಳಗೊಳಗೇ ಬೇಯುವ ಕಮಟು ಅದರಲ್ಲಿದೆ. ಅದರ ಹಿಂದೆಯೇ ಕಾದ ಮಣ್ಣಿನ ವಾಸನೆ, ಹುರಿದ ಕಾಳಿಗೆ ಹತ್ತಿರದ್ದು. ಕಳೆದ ಮೇಷ ತಿಂಗಳಲ್ಲಿ, ಏಪ್ರಿಲ್ ಕೊನೆಯ ಬಿಸಿಲಿನಲ್ಲಿ, ಸಹೋದ್ಯೋಗಿಯೊಬ್ಬರ ಮನೆಯೊಕ್ಕಲು ಮುಗಿಸಿ ಪುತ್ತಿಗೆಯ ಕಡೆಯಿಂದ ಕುಂಬಳೆಗೆ ವಾಪಸಾಗುತ್ತಿದ್ದಾಗ ಆ ವಾಸನೆ ಆಟೋದೊಳಗೆ ಬಂತು. ನಿಲ್ಲಿಸಲು ಹೇಳಿದೆ.

“ಎಂತ, ವಾಂತಿ ಬರ್ತದಾ?” ಡ್ರೈವರ್ ಕನ್ನಡಿಯಲ್ಲಿ ನೋಡಿ ಕೇಳಿದ.

“ಇಲ್ಲ. ಇಲ್ಲಿ ನಾನು ಎಂಟು ತಿಂಗಳು ಇದ್ದೆ.”

“ಇಲ್ಲಿಯಾ?” ಅವನು ರಸ್ತೆಯ ಎರಡೂ ಬದಿ ನೋಡಿದ. ಒಂದು ಕಡೆ ಗೇರುಮರಗಳ ಗುಡ್ಡೆ, ಇನ್ನೊಂದು ಕಡೆ ಕೊಯ್ಲು ಮುಗಿದ ಗದ್ದೆ. “ಇಲ್ಲಿ ಎಂತ ಉಂಟು ಮಾರಾಯ್ರೆ, ಎಂಟು ತಿಂಗಳು ಇರ್ಲಿಕ್ಕೆ?”

ಅವನ ಪ್ರಶ್ನೆಯಲ್ಲಿ ತಪ್ಪಿರಲಿಲ್ಲ. ಏನೂ ಇಲ್ಲದ ಜಾಗ ಎಂಬ ಕಾರಣಕ್ಕೇ ನಾನು ಅದನ್ನು ಆರಿಸಿಕೊಂಡಿದ್ದೆ.

ಮಂಗಳೂರಿನ ದಿನಪತ್ರಿಕೆಯೊಂದರಲ್ಲಿ ನನ್ನದು ಡೆಸ್ಕಿನ ಕೆಲಸ. ಬೇರೆಯವರು ಬರೆದದ್ದನ್ನು ಕತ್ತರಿಸುವುದು, ತಲೆಬರಹ ಕೊಡುವುದು, ಪುಟ ಕಟ್ಟುವುದು. ಹೆಂಡತಿ ತೀರಿಕೊಂಡ ಮರುವರ್ಷ ಆಫೀಸಿನವರು ನಮ್ಮಲ್ಲಿ ಕೆಲವರಿಗೆ ಮನೆಯಿಂದಲೇ ಕೆಲಸ ಮಾಡಲು ಬಿಟ್ಟರು. ಮನೆ ಎಂದರೆ ಎಲ್ಲಿಯಾದರೂ ಆಗಬಹುದು ಎಂದು ನನಗೆ ಹೊಳೆದದ್ದು ಆಗ. ನೆಟ್ ಸಿಗಬೇಕು, ಸಂತಾಪ ಹೇಳುವವರು ಸಿಗಬಾರದು. ವಾರಕ್ಕೊಮ್ಮೆ ಬರುವ ಶಾಲಾಮಕ್ಕಳ ಪುಟ ನನ್ನ ಪಾಲಿಗಿತ್ತು. ಅದನ್ನು ಯಾವ ಗುಡ್ಡೆಯ ಮೇಲೆ ಕುಳಿತು ಕಟ್ಟಿದರೂ ಓದುವ ಮಕ್ಕಳಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ.

ತುಲಾ ತಿಂಗಳ ಮಳೆ ಹಿಂದೆಗೆಯುತ್ತಿದ್ದಾಗ ನಾನು ಐತ್ತಪ್ಪಣ್ಣನ ಮಹಡಿಯ ಕೋಣೆಗೆ ಬಾಡಿಗೆಗೆ ಬಂದೆ. ಅರುವತ್ತಕ್ಕೆ ಹತ್ತಿರದ ಗಟ್ಟಿ ಆಳು. ಶಾರ್ಜಾದ ಕಾರ್ಮಿಕರ ಕ್ಯಾಂಪೊಂದರಲ್ಲಿ ಸ್ವಚ್ಛತೆಯ ಮೇಲ್ವಿಚಾರಕನಾಗಿ ಆಯುಷ್ಯದ ಬಹುಪಾಲು ಕಳೆದು, ಕೆಲವು ವರ್ಷಗಳ ಹಿಂದೆ ಊರಿಗೆ ಮರಳಿದ್ದ. ಗುಡ್ಡೆಯ ಬುಡದಲ್ಲಿ ಎರಡಂತಸ್ತಿನ ತಾರಸಿ ಮನೆ, ಹಿಂದೆ ಗುಡ್ಡೆಯೊಳಗಿನ ನೀರು ಹೊರಗೆ ತರುವ ಸುರಂಗ. ಮನೆಯಲ್ಲಿ ಅವನೊಬ್ಬನೇ. ಹೆಂಡತಿ ಸರೋಜಿನಿ ಮಗಳ ಬಾಣಂತನಕ್ಕೆಂದು ಅದೇ ಶಾರ್ಜಾಕ್ಕೆ ಹೋದವಳು ಅಲ್ಲೇ ಉಳಿದಿದ್ದಳು. ಅವನು ಮರಳಿದ ಊರಿನಿಂದ ಅವಳು ಅವನು ಬಿಟ್ಟ ಊರಿಗೆ ಹೋಗಿದ್ದಳು.

“ಮೊಮ್ಮಗುವಿಗೆ ಮೂರು ವರ್ಷ ಆಯ್ತು. ಬಾಣಂತನ ಇನ್ನೂ ಮುಗಿಯಲಿಲ್ಲ” ಎಂದು ಐತ್ತಪ್ಪಣ್ಣ ಮೊದಲ ದಿನವೇ ತಮಾಷೆಯ ಹಾಗೆ ಹೇಳಿದ. ನಿಜವಾದ ಕಾರಣ ತಿಳಿದದ್ದು ಅವನ ಅಕ್ಕ ಕುಸುಮಕ್ಕನಿಂದ. ರಸ್ತೆಯಾಚೆಯ ಗದ್ದೆಯ ಬದಿಯಲ್ಲಿ ಅವಳ ಮನೆ. ಭತ್ತ ಕೊಯ್ದ ಗದ್ದೆಯಲ್ಲಿ ಹರಿವೆ, ಬೆಂಡೆ, ಅಲಸಂಡೆ, ಮುಳ್ಳುಸೌತೆ ಬೆಳೆದು ಕುಂಬಳೆಯ ಅಂಗಡಿಗಳಿಗೆ ಕಳಿಸುತ್ತಿದ್ದಳು. ನಾಲಿಗೆ ಹರಿತ.

“ಗಂಡಸಿಗೆ ಗಲ್ಫಿನಲ್ಲಿ ಕುಳಿತು ಮನೆ ಕಟ್ಟಿಸ್ಲಿಕ್ಕೆ ಗೊತ್ತು. ಆ ಮನೆಗೆ ನೀರು ಹೊತ್ತದ್ದು ಯಾರು? ಒಂದು ಬೇಸಿಗೆಯಲ್ಲಿ ಸುರಂಗ ಸೊರಗಿತು, ಸರೋಜಿನಿ ನನ್ನ ಬಾವಿಯಿಂದ ಕೊಡದಲ್ಲಿ ಹೊತ್ತಳು. ಮರುವರ್ಷವೂ ಹೊತ್ತಳು. ಆಮೇಲೆ ಮಗಳಿಗೆ ಹೊಟ್ಟೆ ಬಂತು. ಇವಳು ಒಂದೇ ಮಾತು ಹೇಳಿದ್ದು: ಬೇಸಿಗೆಯಲ್ಲಿ ನೀರಿರುವ ಮನೆ ಮಾಡಿ ಕರೀರಿ, ಬರ್ತೇನೆ.”

“ಬೋರು ಹಾಕಿಸಲಿಲ್ವಾ?”

“ಹಾಕಿಸಿದ. ಧೂಳು ಬಂತು.”

ಬಾವಿ ನೆಲದೊಳಕ್ಕೆ ಇಳಿಯುತ್ತದೆ. ಸುರಂಗ ಗುಡ್ಡೆಯೊಳಕ್ಕೆ ನಡೆದುಕೊಂಡು ಹೋಗುತ್ತದೆ. ಮುರಕಲ್ಲನ್ನು, ಅಂದರೆ ಜಂಬಿಟ್ಟಿಗೆಯನ್ನು, ಪಿಕ್ಕಾಸಿಯಿಂದ ಕೊರೆದು, ಒಬ್ಬ ಮನುಷ್ಯ ಬೆನ್ನು ಬಗ್ಗಿಸಿ ಹೋಗುವಷ್ಟು ಅಗಲದ ದಾರಿ ಮಾಡುತ್ತಾರೆ. ಮಳೆಗಾಲದಲ್ಲಿ ಗುಡ್ಡೆ ಕುಡಿದ ನೀರು ಒಳಗಿನ ಗೋಡೆಗಳಲ್ಲಿ ಒಸರುತ್ತದೆ, ತಳದ ಸಣ್ಣ ಚರಂಡಿಯಲ್ಲಿ ಕೂಡಿಕೊಂಡು ಹೊರಗಿನ ಟಾಂಕಿಗೆ ಬೀಳುತ್ತದೆ. ಪಂಪು ಬೇಡ, ಕರೆಂಟು ಬೇಡ. ಗುಡ್ಡೆ ಎಷ್ಟು ಕುಡಿಯಿತೋ ಅಷ್ಟು ಕೊಡುತ್ತದೆ. ನಾನು ಬಂದ ಹೊಸತರಲ್ಲಿ ಆ ನೀರು ಹಗಲೂ ರಾತ್ರಿ ಬೀಳುವ ಸದ್ದು ಮಹಡಿಗೆ ಕೇಳುತ್ತಿತ್ತು. ಇನ್ನೊಬ್ಬರು ಮನೆಯಲ್ಲಿ ಇದ್ದಾರೆ ಎನ್ನಿಸುವ ಸದ್ದು ಅದು. ನನಗೆ ನಿದ್ರೆ ಬರತೊಡಗಿತು.

ಆ ವರ್ಷ ಐತ್ತಪ್ಪಣ್ಣನಿಗೆ ಒಂದು ಗುರಿ ಇತ್ತು. ಮೇಷದ ಕೊನೆಗೆ ಸರೋಜಿನಿ ಬರುವುದಾಗಿ ಹೇಳಿದ್ದಳು, ನೀರಿದ್ದರೆ. ಅವಳು ಬರುವಾಗ ಮನೆ, ಅಂಗಳ, ಗುಡ್ಡೆ ಎಲ್ಲ ನೀಟಾಗಿ ಇರಬೇಕು ಎಂಬುದು ಅವನ ಹಟ. ಬೆಳಕು ಹರಿದರೆ ಸಾಕು, ಹಿಡಿಸೂಡಿ ಹಿಡಿದು ಗುಡ್ಡೆ ಹತ್ತುತ್ತಿದ್ದ. ಅಂಗಳ ಗುಡಿಸುವವರನ್ನು ನಾನು ನೋಡಿದ್ದೇನೆ. ಗುಡ್ಡೆ ಗುಡಿಸುವವನನ್ನು ಅಲ್ಲಿಯೇ ಮೊದಲು ನೋಡಿದ್ದು. ಗೇರು, ಕುಂಟಾಲ, ಕಾಸರಕದ ಎಲೆಗಳನ್ನು ಒಂದೂ ಬಿಡದೆ ಕೂಡಿಸುತ್ತಿದ್ದ. ಮುಳಿಹುಲ್ಲನ್ನು ಬುಡದವರೆಗೆ ಕೆರೆಯುತ್ತಿದ್ದ. ಬೇಲಿಯಾಚೆ, ಮುಂಬಯಿಯಲ್ಲಿರುವ ಯಾರದೋ ಜಾಗ, ಪೊದೆ ಬೆಳೆದು ಕಾಲಿಡಲಾಗದ ಹಾಗಿತ್ತು. ಇವನ ಗುಡ್ಡೆ ಮಾತ್ರ ಕ್ಷೌರ ಮಾಡಿದ ತಲೆಯ ಹಾಗೆ ಕೆಂಪಗೆ ಹೊಳೆಯುತ್ತಿತ್ತು.

“ಶಾರ್ಜಾದಲ್ಲಿ ಪಾರ್ಕು ಹೀಗೇ ಇಡೋದು” ಎನ್ನುತ್ತಿದ್ದ. “ಒಂದು ಎಲೆ ಕಂಡರೆ ಅರಬಿ ಬಯ್ತಿದ್ದ. ಕಸ ಕಂಡರೆ ಈಗಲೂ ನನಗೆ ಕೈ ತುರಿಸ್ತದೆ.”

ಕೂಡಿಸಿದ ತರಗೆಲೆಯನ್ನು ಹೆಡಿಗೆಯಲ್ಲಿ ತುಂಬಿ ಕುಸುಮಕ್ಕನ ಗದ್ದೆಗೆ ಹೊತ್ತು ಹಾಕುವುದು ಅವನ ಎರಡನೆಯ ಕೆಲಸ. ಅದು ಆ ಕಡೆಯ ಎಲ್ಲರ ರೂಢಿ. ಎಲೆ, ಕಡ್ಡಿ, ಸೋಗೆಗಳನ್ನು ಹಾಸಿ, ಮೇಲೆ ಒಣಮಣ್ಣು ಮುಚ್ಚಿ, ಮತ್ತೆ ಎಲೆ, ಮತ್ತೆ ಮಣ್ಣು. ಬುಡಕ್ಕೆ ಬೆಂಕಿ ತಾಗಿಸಿದರೆ ಗುಪ್ಪೆ ದಿನಗಟ್ಟಲೆ ಹೊಗೆಯಾಡುತ್ತದೆ. ಕೊನೆಗೆ ಉಳಿಯುವ ಕರಿಗೆಂಪು ಹುಡಿಯೇ ಸುಡುಮಣ್ಣು. ತರಕಾರಿ ಬುಡಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ ಎಂದು ಎಲ್ಲರೂ ಹೇಳುತ್ತಾರೆ. ಕುಸುಮಕ್ಕನ ಹರಿವೆ ನೋಡಿದರೆ ನಾನೂ ಒಪ್ಪುತ್ತಿದ್ದೆ, ಸೊಂಟದವರೆಗೆ ಬರುತ್ತಿತ್ತು.

“ತಮ್ಮ ಗಲ್ಫಿನಿಂದ ಬಂಗಾರ ತರ್ತಾನೆ ಅಂತ ಕಾದೆ, ತರಗೆಲೆ ತಂದ” ಎಂದು ಅವಳು ನಗುತ್ತಿದ್ದಳು.

“ಬಂಗಾರ ಹಾಕಿದರೆ ಹರಿವೆ ಬರ್ತದಾ ಅಕ್ಕ?”

ಅಕ್ಕ ತಮ್ಮನ ಮಾತು ತುಳುವಿನಲ್ಲೇ. ನಾನಿದ್ದರೆ ಮರ್ಯಾದೆಗೆ ಕನ್ನಡಕ್ಕೆ ತಿರುಗುತ್ತಿತ್ತು, ಬೈಗುಳ ಬಂದಾಗ ಮತ್ತೆ ತುಳುವಿಗೆ ಹೋಗುತ್ತಿತ್ತು.

ಮಕರ ತಿಂಗಳಲ್ಲಿ ನಾನು ಮಕ್ಕಳ ಪುಟಕ್ಕೆ ‘ಪ್ರಕೃತಿಯ ಚಕ್ರಗಳು’ ಎಂಬ ಸರಣಿ ಕಟ್ಟುತ್ತಿದ್ದೆ. ಒಂದು ವಾರ ನೀರಿನ ಚಕ್ರ: ಕಡಲಿನಿಂದ ಮೇಲೇರುವ ಬಾಣ, ಮೋಡ, ಗುಡ್ಡ, ಗುಡ್ಡದಿಂದ ಹೊಳೆ, ಹೊಳೆಯಿಂದ ಮತ್ತೆ ಕಡಲು. ಮರುವಾರ ಇಂಗಾಲದ ಚಕ್ರ: ಗಾಳಿಯಿಂದ ಎಲೆಗೆ, ಎಲೆಯಿಂದ ಮಣ್ಣಿಗೆ, ಮಣ್ಣಿನಿಂದ ಮತ್ತೆ ಗಾಳಿಗೆ. ಪಕ್ಕದಲ್ಲಿ ಒಂದು ಕಾರು, ಒಂದು ಚಿಮಣಿ. ನೋಡಲು ಚೆಂದವಾಗಿ ಬಂದಿತ್ತು. ಬಾಣಗಳೆಲ್ಲ ತಪ್ಪದೆ ಹೊರಟಲ್ಲಿಗೇ ಮರಳುತ್ತಿದ್ದವು. ಪ್ರೂಫ್ ನೋಡುವಾಗ ಐತ್ತಪ್ಪಣ್ಣ ಹಿಂದಿನಿಂದ ಬಗ್ಗಿ ನೋಡಿದ.

“ಇದರಲ್ಲಿ ಶಾರ್ಜಾ ಎಲ್ಲುಂಟು?”

“ಯಾಕೆ?”

“ಅಲ್ಲಿ ಗ್ಯಾಸು ಸುಟ್ಟು ಕಡಲಿನ ನೀರನ್ನು ಸಿಹಿ ಮಾಡ್ತಾರೆ ಮಾರಾಯ್ರೆ. ನಲ್ಲಿ ತಿರುಗಿಸಿದರೆ ಆಯ್ತು, ಇಪ್ಪತ್ನಾಲ್ಕು ಗಂಟೆ. ಮಳೆ ಇಲ್ಲದ ಊರಲ್ಲಿ ಅವಳಿಗೆ ನೀರುಂಟು. ಇಷ್ಟು ಮಳೆ ಬೀಳುವ ಊರಲ್ಲಿ ನನಗೆ ನೀರಿನ ಚಿಂತೆ. ಇದಕ್ಕೂ ಒಂದು ಬಾಣ ಹಾಕಿ.”

ಜಾಗ ಇಲ್ಲ ಎಂದೆ. ಅದು ನಿಜವೂ ಆಗಿತ್ತು.

ಕುಂಭ ತಿಂಗಳ ಒಂದು ಬೆಳಿಗ್ಗೆ ಎದ್ದಾಗ ಏನೋ ಕಡಿಮೆ ಅನ್ನಿಸಿತು. ಹಲ್ಲುಜ್ಜುತ್ತಿದ್ದಾಗ ಗೊತ್ತಾಯಿತು, ನೀರಿನ ಸದ್ದು ಮೊದಲಿನ ಹಾಗಿರಲಿಲ್ಲ. ಕೆಳಗೆ ಹೋಗಿ ನೋಡಿದರೆ ಹೆಬ್ಬೆರಳಿನಷ್ಟು ದಪ್ಪ ಇದ್ದ ಧಾರೆ ಪೆನ್ಸಿಲಿನಷ್ಟಾಗಿತ್ತು. ಐತ್ತಪ್ಪಣ್ಣ ಟಾಂಕಿಯ ಕಟ್ಟೆಯ ಮೇಲೆ ಕುಳಿತಿದ್ದ. ಎಷ್ಟು ಹೊತ್ತಿನಿಂದ ಕುಳಿತಿದ್ದನೋ.

ಮೇಣದಬತ್ತಿ ಹಚ್ಚಿಕೊಂಡು ಅವನ ಹಿಂದೆ ನಾನೂ ಸುರಂಗದೊಳಕ್ಕೆ ಹೋದೆ. ಒಳಗೆ ಗಾಳಿ ಸಾಕಷ್ಟಿದೆಯೇ ಎಂದು ನೋಡಲು ಅಲ್ಲಿಯವರು ಟಾರ್ಚಿಗಿಂತ ಬತ್ತಿಯನ್ನು ನಂಬುತ್ತಾರೆ. ಜ್ವಾಲೆ ಸಣ್ಣದಾದರೆ ಹಿಂದೆ ತಿರುಗಬೇಕು. ಹಿಂದಿನವರ ಪಿಕ್ಕಾಸಿಯ ಗುರುತುಗಳು ಗೋಡೆಯುದ್ದಕ್ಕೂ ನಿನ್ನೆ ಹೊಡೆದ ಹಾಗೆ ಇದ್ದವು. ಮೊದಲು ಒದ್ದೆಯಾಗಿ ಮಿನುಗುತ್ತಿದ್ದ ಕಲ್ಲು ಮಂಕಾಗಿತ್ತು. ಕೊನೆಯಲ್ಲಿ ಒಂದೇ ಒಂದು ಬಿರುಕಿನಲ್ಲಿ ಹನಿ ಕೂಡಿ, ತೂಗಿ, ಬೀಳುತ್ತಿತ್ತು. ಅವನು ಅದರ ಕೆಳಗೆ ಅಂಗೈ ಹಿಡಿದು ನಿಂತ.

ಹೊರಗೆ ಬಂದವನೇ ಹೇಳಿದ: “ಇದು ಆ ಕಲ್ಲಿನ ಕೋರೆಯವನ ಕೆಲಸ.”

ಗುಡ್ಡೆಯ ಆಚೆ ಮಗ್ಗುಲಲ್ಲಿ ಮನೆಕಟ್ಟುವ ಕೆಂಪುಕಲ್ಲು ತೆಗೆಯುವ ಕೋರೆ ಒಂದಿತ್ತು. ಮಿಷಿನಿನ ಸದ್ದು ಮಧ್ಯಾಹ್ನದವರೆಗೆ ಕೇಳುತ್ತಿತ್ತು.

“ನೀವು ಬರೀಬೇಕು. ಕೋರೆಯಿಂದ ಸುರಂಗ ಬತ್ತಿತು ಅಂತ. ಫೋಟೊ ನಾನು ತೆಗೆದು ಕೊಡ್ತೇನೆ.”

“ನೋಡಿ ಹೇಳ್ತೇನೆ.”

“ನೋಡ್ಲಿಕ್ಕೆ ಎಂತ ಉಂಟು? ಕಣ್ಣಿಗೆ ಕಾಣೂದಿಲ್ವಾ?”

ಮರುದಿನ ನಾನು ಆಚೆ ಮಗ್ಗುಲಿಗೆ ನಡೆದುಹೋದೆ. ಕೋರೆಗೆ ಅಂಟಿಕೊಂಡ ಹಾಗೆ ಒಬ್ಬ ಬ್ಯಾರಿ ಮುದುಕರ ಮನೆ, ಅವರದೂ ಒಂದು ಸುರಂಗ. ಅದು ಆ ತಿಂಗಳಲ್ಲೂ ಸರಿಯಾಗಿಯೇ ಹರಿಯುತ್ತಿತ್ತು. ಕೋರೆಯ ಬಗ್ಗೆ ದೂರುವ ಬೇರೆ ವಿಷಯ ಅವರಿಗೆ ಬೇಕಾದಷ್ಟಿತ್ತು, ನೀರಿನದ್ದು ಇರಲಿಲ್ಲ. ಕೋರೆಯ ಪಕ್ಕದ ಸುರಂಗ ಬತ್ತದೆ ಇಷ್ಟು ದೂರದ್ದು ಬತ್ತಿತು ಎಂದು ಬರೆಯುವುದು ಹೇಗೆ? ಬೇರೆ ಯಾರಾದರೂ ಬರೆದು ಕಳಿಸಿದ್ದರೆ ನಾನೇ ಅದನ್ನು ಡೆಸ್ಕಿನಿಂದ ಹಿಂದಕ್ಕೆ ಕಳಿಸುತ್ತಿದ್ದೆ. ಐತ್ತಪ್ಪಣ್ಣನಿಗೆ ಹಾಗೆಯೇ ಹೇಳಿದೆ.

“ನಿಮಗೆ ಆ ಕೋರೆಯವ ಚಾ ಕುಡಿಸಿದನಾ?”

“ಇಲ್ಲ.”

“ಕುಡಿಸಿದ್ದರೆ ಒಳ್ಳೇದಿತ್ತು. ನೀವು ಬರೀದಿರ್ಲಿಕ್ಕೆ ಏನೋ ಒಂದು ಕಾರಣ ಆಗ್ತಿತ್ತು.”

ಆಮೇಲೆ ಕೆಲವು ವಾರ ಅವನು ನನ್ನೊಡನೆ ಬೇಕಾದಷ್ಟೇ ಮಾತಾಡಿದ. ರಾತ್ರಿ ಗಂಜಿಗೆ ಕೆಳಗೆ ಕರೆಯುತ್ತಿದ್ದವನು ಕರೆಯುವುದು ಬಿಟ್ಟ. ನಾನು ಮೇಲೆ ಬ್ರೆಡ್ಡು ತಿಂದೆ, ಅವನು ಕೆಳಗೆ ಒಬ್ಬನೇ ಉಂಡ. ಪಾತ್ರೆಯ ಸದ್ದಿನಿಂದ ಅವನ ಊಟ ಮುಗಿದದ್ದು ನನಗೆ ಗೊತ್ತಾಗುತ್ತಿತ್ತು. ಒಂದೇ ಮನೆಯಲ್ಲಿ ಎರಡು ಒಂಟಿತನ ಒಂದರ ಮೇಲೊಂದು ಮಹಡಿಯ ಹಾಗೆ ನಿಂತಿತ್ತು. ಅವನು ಗುಡ್ಡೆ ಗುಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಚಿಂತೆ ಹೆಚ್ಚಾದಷ್ಟೂ ಜೋರಾಗಿ ಗುಡಿಸಿದ.

ಮೀನ ತಿಂಗಳಲ್ಲಿ ಸುರಂಗ ನಿಂತಿತು. ಟಾಂಕಿಯ ತಳದ ಕೆಸರು ಹೆಂಚಿನ ಚೂರುಗಳ ಹಾಗೆ ಒಡೆಯಿತು. ಕುಡಿಯುವ ನೀರನ್ನು ನಾವಿಬ್ಬರೂ ಕುಸುಮಕ್ಕನ ಬಾವಿಯಿಂದ ತರುತ್ತಿದ್ದೆವು. ಸರೋಜಿನಿ ಹೊರುತ್ತಿದ್ದ ಅದೇ ದಾರಿ. ಕೊಡ ಹೊತ್ತು ರಸ್ತೆ ದಾಟುವಾಗ ಐತ್ತಪ್ಪಣ್ಣ ತಲೆ ತಗ್ಗಿಸುತ್ತಿದ್ದ.

“ಬೆನ್ನು ನೋಯ್ತದಾ?” ಕುಸುಮಕ್ಕ ಬಾವಿಕಟ್ಟೆಯಿಂದ ಕೇಳಿದಳು.

“ಸ್ವಲ್ಪ.”

“ಹಾಂ. ಈಗ ಅವಳಿಗೆ ಫೋನ್ ಮಾಡಿ ಹೇಳು. ಖುಷಿ ಪಡ್ತಾಳೆ.”

ಮೇಷ ಬಂತು. ಟಿಕೆಟು ತೆಗೆಯುವ ಹೊತ್ತು. ಒಂದು ಮಧ್ಯಾಹ್ನ ಕೆಳಗೆ ಲಾರಿಯ ಸದ್ದು ಕೇಳಿ ನೋಡಿದರೆ ಟ್ಯಾಂಕರ್. ಐತ್ತಪ್ಪಣ್ಣ ಅದರ ಪೈಪನ್ನು ಸುರಂಗದ ಟಾಂಕಿಗೆ ಬಿಡಿಸಿದ್ದ. ಟಾಂಕಿ ತುಂಬಿದ ಮೇಲೆ ಪೈಪಿನ ಗುರುತು ಅಳಿಸಿ, ನೆಲ ಗುಡಿಸಿ, ಬೇರೆ ಅಂಗಿ ಹಾಕಿಕೊಂಡು ಬಂದು ನನ್ನ ಬಾಗಿಲು ತಟ್ಟಿದ.

“ಸ್ವಲ್ಪ ಕೆಳಗೆ ಬನ್ನಿ. ಅವಳಿಗೆ ವಿಡಿಯೊ ಮಾಡ್ತೇನೆ. ನೀವು ಪಕ್ಕದಲ್ಲಿ ನಿಂತರೆ ಸಾಕು.”

ಎಷ್ಟೋ ವಾರಗಳ ನಂತರ ಅವನು ಕರೆದದ್ದು. ಹೋದೆ.

“ನೋಡು, ಟಾಂಕಿ ತುಂಬಿ ಉಂಟು” ಎಂದ ಫೋನಿಗೆ.

“ಸ್ವಲ್ಪ ಹತ್ತಿರ ಹಿಡೀರಿ” ಎಂದಿತು ಸರೋಜಿನಿಯ ಧ್ವನಿ. ಅವಳ ಹಿಂದೆ ಎಲ್ಲೋ ಮಗು ಟಿವಿ ನೋಡುತ್ತಿತ್ತು.

“ಕಾಣ್ತದಾ?”

“ಕಾಣ್ತದೆ. ನೀರು ಯಾಕೆ ಕದಡಿದ್ದು?”

“ಅದು, ಮೊನ್ನೆ ಒಂದು ಮಳೆ ಬಂತಲ್ವಾ?”

“ಮಳೆ ಬಂದರೆ ಸುರಂಗದ ನೀರು ಕದಡ್ತದಾ? ನಾನು ಆ ಮನೆಯಲ್ಲಿ ಇದ್ದವಳೇ ಅಲ್ವಾ?”

“ನನ್ನ ಮಾತಿನ ಮೇಲೆ ನಂಬಿಕೆ ಇಲ್ಲದಿದ್ದರೆ ಪೇಪರಿನವರ ಹತ್ತಿರ ಕೇಳು. ಇಲ್ಲೇ ಇದ್ದಾರೆ. ಅವರು ಸುಳ್ಳು ಹೇಳ್ತಾರಾ?”

ಫೋನು ನನ್ನ ಕಡೆ ತಿರುಗಿತು. ಸಣ್ಣ ಚೌಕದಲ್ಲಿ ಕನ್ನಡಕ ಹಾಕಿದ ಒಂದು ಮುಖ. ಅವಳು ಕೇಳಲಿಲ್ಲ, ಕಾದಳು. ನಾನು ನಮಸ್ಕಾರ ಎಂದೆ. ಅವಳೂ ನಮಸ್ಕಾರ ಎಂದಳು. ಅಷ್ಟೇ. ಒಂದು ಉಸಿರಿನಷ್ಟು ಹೊತ್ತಿನ ಮೇಲೆ, “ಸರಿ. ಮಗುವಿಗೆ ನೆಗಡಿ. ಈ ವರ್ಷ ಬರ್ಲಿಕ್ಕೆ ಆಗ್ಲಿಕ್ಕಿಲ್ಲ” ಎಂದು ಇಟ್ಟಳು.

ಐತ್ತಪ್ಪಣ್ಣ ಫೋನನ್ನು ಕಿಸೆಗೆ ಹಾಕಿಕೊಂಡ. ನನ್ನನ್ನು ಬೈಯುತ್ತಾನೆ ಅಂದುಕೊಂಡೆ. ಬೈಯಲಿಲ್ಲ. ಟಾಂಕಿಯ ಬುಡದ ತೂತಿನ ಬಿರಡೆ ಎಳೆದು, ಅಷ್ಟೂ ನೀರನ್ನು ಅಂಗಳದ ಬಾಳೆಗಳಿಗೆ ಬಿಟ್ಟ. ನಾವಿಬ್ಬರೂ ನೋಡುತ್ತ ನಿಂತೆವು. ನೀರು ಮುಗಿಯಲು ಬಹಳ ಹೊತ್ತು ಹಿಡಿಯಲಿಲ್ಲ. ಆ ದಿನ ರಾತ್ರಿ ಗಂಜಿಗೆ ಕರೆದ.

ಕೆಲವು ದಿನಗಳ ನಂತರ ಸಂಜೆಯ ಗುಡುಗು ಮಳೆ ಬಂತು, ಆ ಬೇಸಿಗೆಯ ಮೊದಲ ದೊಡ್ಡ ಮಳೆ. ಕುಸುಮಕ್ಕ ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು ರಸ್ತೆ ದಾಟಿ ಓಡಿಬಂದಳು.

“ಏ ಐತ್ತಪ್ಪ! ನಿನ್ನ ಗುಡ್ಡೆ ನನ್ನ ಗದ್ದೆಗೆ ಬಂತು ನೋಡು!”

ಹಿಂದಿನ ಜಗಲಿಗೆ ಹೋದೆವು. ಐತ್ತಪ್ಪಣ್ಣ ಗುಡಿಸಿಟ್ಟ ಇಳಿಜಾರಿನಲ್ಲಿ ಮಳೆ ಬಿದ್ದಲ್ಲಿ ನಿಲ್ಲುತ್ತಲೇ ಇರಲಿಲ್ಲ. ಗಟ್ಟಿಯಾದ ನೆಲದ ಮೇಲೆ ಹನಿಗಳು ಸಿಡಿದು, ಕೂಡಿ, ಕೆಂಪು ಹಗ್ಗಗಳಾಗಿ ಇಳಿದು, ಸುರಂಗದ ಬಾಯಿಯನ್ನು ಬಳಸಿ, ಅಂಗಳ ದಾಟಿ, ರಸ್ತೆ ದಾಟಿ, ಗದ್ದೆಗೆ ಬೀಳುತ್ತಿದ್ದವು. ಬೇಲಿಯಾಚೆಯ ಪೊದೆಯ ಜಾಗದಲ್ಲಿಯೂ ಅದೇ ಮಳೆ ಬೀಳುತ್ತಿತ್ತು. ಅಲ್ಲಿಂದ ಒಂದು ಎಳೆ ನೀರೂ ಹೊರಗೆ ಬರುತ್ತಿರಲಿಲ್ಲ. ಕಾಲುಮುಳುಗುವ ತರಗೆಲೆಯೊಳಗೆ ಇಳಿದ ಮಳೆ ಅಲ್ಲಿಯೇ ಎಲ್ಲೋ ಹೋಗುತ್ತಿತ್ತು. ಆಚೆ ಮಗ್ಗುಲಿನ ಬ್ಯಾರಿ ಮುದುಕರ ಗುಡ್ಡೆಯನ್ನೂ ಯಾರೂ ಗುಡಿಸುತ್ತಿರಲಿಲ್ಲ ಎಂಬುದು ನನಗೆ ಆಗ ನೆನಪಾಯಿತು. ಅಲ್ಲಿಗೆ ಹೋದಾಗ ಎಲೆಯ ಮೇಲೆ ನಡೆದ ಚರಪರ ಸದ್ದು ಕೂಡ.

ಬೇಲಿಯ ಈಚೆ ಆಚೆ ಮೂವರೂ ನೋಡಿದೆವು.

“ಅಲ್ಲಿಯದ್ದು ಎಲ್ಲಿಗೆ ಹೋಗ್ತದೆ?” ಕುಸುಮಕ್ಕ ಕೇಳಿದಳು.

“ಒಳಗೆ” ಎಂದ ಐತ್ತಪ್ಪಣ್ಣ.

“ನಿನ್ನದು?”

ಅವನು ಗದ್ದೆಯ ಕಡೆ ಕೈ ತೋರಿಸಿದ. ಅಲ್ಲಿ ಕೆಂಪು ನೀರಿನ ನಡುವೆ ಸುಡುಮಣ್ಣಿನ ಗುಪ್ಪೆ ಇನ್ನೂ ಅರೆಬರೆ ಹೊಗೆಯಾಡುತ್ತಿತ್ತು. ಕುಸುಮಕ್ಕ ಅದನ್ನೇ ದಿಟ್ಟಿಸಿದಳು.

“ಅಯ್ಯೋ ದೇವರೇ. ಇಷ್ಟು ವರ್ಷ ನಾನು ಸುಟ್ಟದ್ದು ನಿನ್ನ ಹೆಂಡತಿಯ ನೀರನ್ನಾ?”

“ನೀನು ಎಲ್ಲಿ ಸುಟ್ಟೆ ಅಕ್ಕ. ಗುಡಿಸಿ ತಂದು ಕೊಟ್ಟವ ನಾನು.”

ಗಲ್ಫಿನಿಂದ ಮರಳುವ ಮೊದಲು ರಜೆಯಲ್ಲಿ ಬಂದಾಗಲೆಲ್ಲ ಅವನು ಮಾಡಿಸುತ್ತಿದ್ದ ಕೆಲಸ ಗುಡ್ಡೆ ಬೋಳಿಸುವುದೇ. ಸುರಂಗ ಸೊರಗಲು ತೊಡಗಿದ್ದು ಆ ವರ್ಷಗಳಲ್ಲೇ. ಹೆಂಡತಿ ಬರಲೆಂದು ಅವನು ಮಾಡುತ್ತಿದ್ದ ಕೆಲಸವೇ ಅವಳ ದಾರಿಗೆ ಅಡ್ಡ ನಿಂತಿತ್ತು.

ನಾನು ಎರಡು ವಾರ ಎರಡು ಪುಟಗಳಲ್ಲಿ ಬೇರೆಬೇರೆಯಾಗಿ ಅಚ್ಚು ಮಾಡಿದ್ದ ಚಕ್ರಗಳು ಆ ಇಳಿಜಾರಿನಲ್ಲಿ ಒಂದಕ್ಕೊಂದು ಹಲ್ಲು ಕಚ್ಚಿಕೊಂಡಿದ್ದವು. ಎಲೆ ನಿಧಾನವಾಗಿ ಕೊಳೆತು ಮಣ್ಣಾಗಬೇಕು, ಎರೆಹುಳ, ಗೆದ್ದಲುಗಳು ಅದರಲ್ಲಿ ತೂತು ಕೊರೆಯಬೇಕು, ಆ ಮಣ್ಣು ಮಳೆಯನ್ನು ತಡೆದು ಗುಡ್ಡೆಯೊಳಕ್ಕೆ ಬಿಡಬೇಕು. ಮಣ್ಣಿನಲ್ಲಿ ವರ್ಷಗಟ್ಟಲೆ ಇರಬೇಕಾಗಿದ್ದ ಇಂಗಾಲವನ್ನು ಬೆಂಕಿ ಎರಡು ಮೂರು ದಿನಗಳಲ್ಲಿ ಗಾಳಿಗೆ ಮರಳಿಸುತ್ತಿತ್ತು. ಅದರ ಹಿಂದೆಯೇ ನೀರೂ ಬೇಗ ಕಡಲಿಗೆ ಹೋಗುತ್ತಿತ್ತು. ಚಿತ್ರದಲ್ಲಿ ತಪ್ಪಿರಲಿಲ್ಲ, ಎರಡೂ ಚಕ್ರಗಳು ತಿರುಗುತ್ತಲೇ ಇದ್ದವು. ಒಂದು ಮನೆಯ ಬೇಸಿಗೆಗೆ ಬೇಕಾದದ್ದು ಆ ತಿರುಗಾಟದ ನಡುವಿನ ತಂಗುವಿಕೆ. ಅದನ್ನು ಬಾಣದಲ್ಲಿ ತೋರಿಸಲು ಬರುವುದಿಲ್ಲ.

ಮರುದಿನ ಬೆಳಿಗ್ಗೆ ಹಿಡಿಸೂಡಿಯ ಸದ್ದು ಇರಲಿಲ್ಲ. ಮಳೆಗೆ ಉದುರಿದ ಗೇರೆಲೆಗಳು ಗುಡ್ಡೆಯ ಮೇಲೆ ಅಲ್ಲಲ್ಲಿ ಬಿದ್ದಿದ್ದವು. ಐತ್ತಪ್ಪಣ್ಣ ಕಟ್ಟೆಯ ಮೇಲೆ ಕುಳಿತು ಅವನ್ನೇ ನೋಡುತ್ತಿದ್ದ. ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ.

“ತುರಿಸ್ತದಾ?” ಎಂದೆ.

“ವಿಪರೀತ” ಎಂದ.

ವೃಷಭದ ಕೊನೆಯಲ್ಲಿ ಮಳೆಗಾಲ ಹಿಡಿಯಿತು. ಎಲ್ಲರೂ ಆಫೀಸಿಗೆ ಬರಬೇಕು ಎಂದು ಪತ್ರಿಕೆಯವರು ಹೇಳಿದರು. ನಾನು ಚೀಲ ಕಟ್ಟಿದೆ. ಹೊರಡುವ ದಿನ ಐತ್ತಪ್ಪಣ್ಣ ಬಸ್ಸಿನವರೆಗೆ ಕೊಡೆ ಹಿಡಿದು ಬಂದ. “ಬೇಸಿಗೆಯಲ್ಲಿ ಒಮ್ಮೆ ಬನ್ನಿ” ಎಂದ. ಮಳೆಗಾಲದಲ್ಲಿ ಯಾರ ಮನೆಯಲ್ಲೂ ನೀರಿರುತ್ತದೆ.

ಹೋಗಲಿಲ್ಲ. ಫ್ಲ್ಯಾಟು, ಆಫೀಸು, ಮತ್ತೆ ಫ್ಲ್ಯಾಟು. ನಾಲ್ಕು ಮಳೆಗಾಲ ಕಳೆಯಿತು. ಆ ವಾಸನೆ ಆಟೋದೊಳಗೆ ಬಾರದಿದ್ದರೆ ಕಳೆದ ಮೇಷದಲ್ಲೂ ಹೋಗುತ್ತಿರಲಿಲ್ಲವೇನೋ.

ಸುಡುಮಣ್ಣಿನ ಗುಪ್ಪೆ ಕುಸುಮಕ್ಕನದೇ. ಮೊದಲಿನದಕ್ಕಿಂತ ಬಹಳ ಸಣ್ಣದು. ತೆಂಗಿನ ಸಿಪ್ಪೆ, ಸೋಗೆ, ಅಂಗಳದ ಕಸ. ನನ್ನನ್ನು ಗುರುತಿಸಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

“ಓ, ಪೇಪರಿನವರು! ಎಷ್ಟು ಕಾಲ ಆಯ್ತು? ಗುಡ್ಡೆಯದ್ದು ಒಂದು ಎಲೆ ಮುಟ್ಟಲಿಲ್ಲ ನೋಡಿ, ಇದೆಲ್ಲ ನನ್ನದೇ ಮನೆಯದ್ದು. ಹರಿವೆ ಮೊಣಕಾಲಿಗೂ ಬರೂದಿಲ್ಲ ಈಗ.”

“ತಮ್ಮ?”

“ಇದ್ದಾನೆ. ಎಲ್ಲಿಗೆ ಹೋಗ್ತಾನೆ?” ಅವಳು ರಸ್ತೆಯಾಚೆ ನೋಡಿದಳು. “ಒಬ್ಬನೇ.”

ಐತ್ತಪ್ಪಣ್ಣನ ತಲೆ ಪೂರ್ತಿ ಬೆಳ್ಳಗಾಗಿತ್ತು. ಅಪ್ಪಿಕೊಳ್ಳುವ ರೂಢಿ ನಮ್ಮಲ್ಲಿಲ್ಲ. “ಬಂದಿರಾ?” ಎಂದ, ನಾನು ನಿನ್ನೆ ಕುಂಬಳೆಗೆ ಹೋಗಿ ಇವತ್ತು ಬಂದ ಹಾಗೆ. ಹಿಂದಿನ ಜಗಲಿಗೆ ಕರೆದುಕೊಂಡು ಹೋದ. ಗುಡ್ಡೆ ಕೆಂಪಗಿರಲಿಲ್ಲ. ಉದುರಿದ ಎಲೆಯ ಕಂದು, ಅದರ ನಡುವೆ ಏನೇನೋ ಕುರುಚಲು ಗಿಡ. ಇಳಿಜಾರಿನಲ್ಲಿ ಅಲ್ಲಲ್ಲಿ ಇಂಗುಗುಂಡಿ, ಉದ್ಯೋಗ ಖಾತ್ರಿಯ ಹೆಂಗಸರು ಬಂದು ತೋಡಿ ಹೋದದ್ದಂತೆ. ಮತ್ತೆ ಆ ಸದ್ದು. ಮೇ ತಿಂಗಳು ಬಾಗಿಲಲ್ಲಿ ನಿಂತಿದ್ದಾಗ ಸುರಂಗದ ಬಾಯಿಯಿಂದ ಹೆಬ್ಬೆರಳಿನಷ್ಟಲ್ಲದಿದ್ದರೂ ಕಿರುಬೆರಳಿಗಿಂತ ದಪ್ಪದ ಧಾರೆ ಟಾಂಕಿಗೆ ಬೀಳುತ್ತಿತ್ತು.

“ಕಳೆದ ವರ್ಷವೇ ನಿಲ್ಲಲಿಲ್ಲ” ಎಂದ. “ಅವಳಿಗೆ ಹೇಳಿದೆ. ವಿಡಿಯೊ ಮಾಡಿದೆ. ಹೂಂ ಅಂತಾಳೆ. ನಾನು ಒಮ್ಮೆ ಟ್ಯಾಂಕರಿನ ನೀರು ತೋರಿಸಿದವನಲ್ವಾ, ಇನ್ನು ಎಂತ ತೋರಿಸಿದರೂ ಅವಳಿಗೆ ಅದೇ.”

ಅಷ್ಟರಲ್ಲಿ ಅವನ ಫೋನು ಹೊಡೆಯಿತು. ಆ ಹೊತ್ತಿಗೆ ದಿನಾ ಬರುವ ಕರೆ. ಊಟ ಆಯಿತಾ, ಮಗು ಶಾಲೆಗೆ ಹೋಯಿತಾ ಎಂಬ ಮಾತುಗಳ ನಡುವೆ ಅವನು, “ಯಾರು ಬಂದಿದ್ದಾರೆ ನೋಡು” ಎಂದು ಫೋನನ್ನು ನನ್ನ ಕಡೆ ತಿರುಗಿಸಿದ.

ಅದೇ ಕನ್ನಡಕ. ನಮಸ್ಕಾರ ಎಂದೆ. ಅವಳೂ ಎಂದಳು. ಈ ಬಾರಿ ಅವಳು ಕಾಯಲಿಲ್ಲ, ಕೇಳಿದಳು.

“ಪೇಪರಿನವರಲ್ವಾ? ಆವತ್ತು ನೀವು ಏನೂ ಹೇಳಲಿಲ್ಲ. ಅದರಿಂದಲೇ ನನಗೆ ಗೊತ್ತಾದದ್ದು. ಈಗ ಹೇಳಿ. ಅಲ್ಲಿ ನೀರು ಉಂಟಾ?”

ನಾನು ಸುರಂಗದ ಬಾಯಿಗೆ ಹೋಗಿ ಧಾರೆಗೆ ಕೈ ಒಡ್ಡಿದೆ. ಅಂಗೈ ತುಂಬಿ ಚೆಲ್ಲಿತು. ತಣ್ಣಗಿತ್ತು, ತಿಳಿಯಾಗಿತ್ತು.

“ಉಂಟು” ಎಂದೆ.

“ಸುರಂಗದ್ದೇ?”

“ಸುರಂಗದ್ದೇ.”

ಐತ್ತಪ್ಪಣ್ಣ ನೆಲ ನೋಡುತ್ತ ನಿಂತಿದ್ದ. ಬರುತ್ತೇನೆ ಎಂಬ ಮಾತಿಗೆ ಕಾಯುತ್ತಿದ್ದ, ಅದು ಅವನ ಹೆಗಲು ನೋಡಿದರೆ ಗೊತ್ತಾಗುತ್ತಿತ್ತು. ಆ ಮಾತು ಬರಲಿಲ್ಲ.

“ಇವರೇ, ಕೇಳ್ತದಾ?” ಎಂದಳು ಗಂಡನಿಗೆ. “ಮನೆಗೆ ಬಂದವರಿಗೆ ಬಾಯಾರಿಕೆಗೆ ಕೊಟ್ಟಿರಾ?”

“ಇಲ್ಲ. ಈಗ ಬಂದದ್ದಷ್ಟೇ.”

“ಬೆಲ್ಲ ನೀರು ಕೊಡಿ. ಸ್ಟೀಲಿನ ಲೋಟದಲ್ಲಿ ಬೇಡ. ಅಟ್ಟದಲ್ಲಿ, ಅಕ್ಕಿಮುಡಿ ಇಡ್ತಿದ್ದ ಮೂಲೆಯಲ್ಲಿ, ನನ್ನ ತಾಮ್ರದ ತಂಬಿಗೆ ಉಂಟು. ಬಟ್ಟೆ ಸುತ್ತಿಟ್ಟಿದ್ದೇನೆ. ಅದನ್ನು ತೊಳೆದು ಅದರಲ್ಲಿ ಕೊಡಿ.”

ಅವನು ಫೋನನ್ನು ನನ್ನ ಕೈಗೆ ಕೊಟ್ಟು ಒಳಗೆ ಹೋದ. ಅಟ್ಟದ ಏಣಿ ಕಿರುಗುಟ್ಟಿತು. ಮೇಲೆ ಪಾತ್ರೆಗಳನ್ನು ಸರಿಸುವ ಸದ್ದು ಕೇಳತೊಡಗಿತು.

“ಫೋನು ಸ್ವಲ್ಪ ನೀರಿನ ಹತ್ತಿರ ಹಿಡೀತೀರಾ?” ಎಂದಳು.

ಹಿಡಿದೆ. ಆಚೆ ಯಾರೋ ಟಿವಿಯ ಧ್ವನಿ ತಗ್ಗಿಸಿದರು.